ಮಾಂಟೆಸರಿ ಎಂಬ ಹಲಗೆ

ಶಿವಮೊಗ್ಗೆಯಿಂದ ಭದ್ರಾವತಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುವ ನನ್ನಂಥವರಿಗೆ ಮಾಚೇನಹಳ್ಳಿ ಎಂದರೆ ಊರಲ್ಲ, ಒಂದು ನಿಲುಗಡೆ. ಹಾಲಿನ ಡೈರಿ, ಮೀಸಲು ಪೊಲೀಸರ ಪಡೆ, ಕೈಗಾರಿಕಾ ವಸಾಹತಿನ ತಗಡಿನ ಮಾಡುಗಳು, ಇವು ಕಿಟಕಿಯಲ್ಲಿ ಹಾದುಹೋದರೆ ಅರ್ಧ ದಾರಿ ಸವೆಯಿತೆಂದು ಲೆಕ್ಕ. ಬೆಳಗ್ಗೆ ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಅಲ್ಲಿ ಇಳಿಯುತ್ತಾರೆ. ಬಸ್ಸು ಅರ್ಧ ಖಾಲಿಯಾಗುತ್ತದೆ. ನಿಂತಿದ್ದ ಮೇಷ್ಟರಿಗೆ ಕೂರಲು ಜಾಗ ಸಿಕ್ಕುತ್ತದೆ.

ಕಳೆದ ಬೇಸಗೆಯಲ್ಲಿ ಒಂದು ಬೆಳಗ್ಗೆ ಹೀಗೆ ಇಳಿಯಲು ಎದ್ದ ತಾಯಿಯೊಬ್ಬಳು ರಸ್ತೆಯ ಪಕ್ಕದ ಹೊಸ ಹಲಗೆಯೊಂದನ್ನು ತೋರಿಸಿ, “ಸಾರ್, ಮಾಂಟೆಸರಿ ಅಂದ್ರೆ ಎಲ್.ಕೆ.ಜಿ.ಗಿಂತ ಕೆಳಗೋ, ಮೇಲೋ?” ಎಂದು ನನ್ನನ್ನು ಕೇಳಿದಳು. ಕೈಯಲ್ಲಿದ್ದ ಪುಸ್ತಕವನ್ನು ನೋಡಿ ಈತ ತಿಳಿದವನಿರಬೇಕೆಂದು ಭಾವಿಸಿದ್ದಳೆಂದು ತೋರುತ್ತದೆ. ನಾನು ಬಾಯಿ ತೆರೆಯುವುದರೊಳಗೆ ನಿರ್ವಾಹಕನ ಸೀಟಿ ಊದಿತು, ಆಕೆ ಇಳಿದುಹೋದಳು. ಹೇಳಬೇಕಾಗಿದ್ದ ಉತ್ತರ ಅಂದಿನಿಂದ ನನ್ನ ಗಂಟಲಲ್ಲಿಯೇ ಉಳಿದಿದೆ. ಓದುಗರು ಸೈರಿಸುವುದಾದರೆ ಅದನ್ನು ಇಲ್ಲಿ ಹೇಳಿಬಿಡುತ್ತೇನೆ.

ಆ ಹಲಗೆಯಲ್ಲಿ ಇದ್ದದ್ದು ಇಷ್ಟು: ಮೇಲೆ ಒಂದು ದೇವರ ಹೆಸರು, ಅದರ ಮುಂದೆ ‘ಮಾಂಟೆಸರಿ’, ಕೆಳಗೆ ‘ಪ್ರೀ ಕೆ.ಜಿ., ಎಲ್.ಕೆ.ಜಿ., ಯು.ಕೆ.ಜಿ.’, ಇನ್ನೂ ಕೆಳಗೆ ‘ಇಂಗ್ಲಿಷ್ ಮೀಡಿಯಂ, ಸಿ.ಸಿ. ಟಿ.ವಿ., ವ್ಯಾನ್ ಸೌಕರ್ಯ’. ಮೂಲೆಯಲ್ಲಿ ನಗುವ ಮಿಕ್ಕಿ ಇಲಿ. ಮಾಚೇನಹಳ್ಳಿಯನ್ನು ಮಾತ್ರ ದೂರುವುದು ನ್ಯಾಯವಲ್ಲ. ಆ ದಿನದಿಂದ ನಾನು ದಾರಿಯುದ್ದಕ್ಕೂ ಹಲಗೆಗಳನ್ನು ಓದುವ ಚಟಕ್ಕೆ ಬಿದ್ದಿದ್ದೇನೆ. ಬಾಡಿಗೆ ಮನೆಯ ಮೇಲಂತಸ್ತಿನಲ್ಲಿ ಮಾಂಟೆಸರಿ, ಮದುವೆಯ ಛತ್ರದ ಹಿಂದೆ ಮಾಂಟೆಸರಿ, ಪೆಟ್ರೋಲ್ ಬಂಕಿನ ಪಕ್ಕದಲ್ಲಿ ಮಾಂಟೆಸರಿ. ಕಾಗುಣಿತವಂತೂ ಹೇಳತೀರದು. ಮಾಂಟೆಸ್ಸರಿ, ಮಾಂಟೇಸರಿ, ಮಾಂಟ್ಸರಿ, ಮೌಂಟೆಸರಿ! ಕನ್ನಡ ಪಾಠ ಹೇಳುವವನಿಗೆ ಇದು ಹಲ್ಲಿನಲ್ಲಿ ಸಿಕ್ಕಿದ ನಾರಿನಂತೆ. ‘ಮಾಂಟೆ’ ತಪ್ಪಾದರೂ ಕೊನೆಯಲ್ಲಿ ‘ಸರಿ’ ಎಂದು ಬಂದರಾಯಿತು, ಪೋಷಕರು ನಂಬುತ್ತಾರೆ ಎಂದು ನಮ್ಮ ಸ್ಟಾಫ್ ರೂಮಿನ ಮಿತ್ರರೊಬ್ಬರು ನಕ್ಕರು. ಇರಲಿ. ಈ ಲೇಖನದಲ್ಲಿ ನಾನು ಆ ಮಹಾತಾಯಿಯನ್ನು ಮಾಂಟೆಸೊರಿ ಎಂದೂ ಹಲಗೆಯನ್ನು ಮಾಂಟೆಸರಿ ಎಂದೂ ಬರೆಯುತ್ತೇನೆ. ಎರಡಕ್ಕೂ ಇರುವ ಸಂಬಂಧ ಅಷ್ಟಕ್ಕಷ್ಟೆ. ಬರಹದಲ್ಲಾದರೂ ಬೇರೆ ಬೇರೆ ಇರಲಿ.

ಮರಿಯಾ ಮಾಂಟೆಸೊರಿ ಹುಟ್ಟಿದ್ದು ೧೮೭೦ರಲ್ಲಿ, ಇಟಲಿಯಲ್ಲಿ. ವೃತ್ತಿಯಿಂದ ವೈದ್ಯೆ. ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಒಂದು ಕಟ್ಟಡ ಸಂಸ್ಥೆಯವರು ಕೂಲಿಕಾರರ ವಠಾರಗಳನ್ನು ರಿಪೇರಿ ಮಾಡಿಸಿದ್ದರು. ಅಪ್ಪ ಅಮ್ಮ ಇಬ್ಬರೂ ಬೆಳಗಾದರೆ ಕೂಲಿಗೆ. ಮಕ್ಕಳು ಜಗಲಿಯಲ್ಲಿ, ಮೆಟ್ಟಿಲುಗಳಲ್ಲಿ. ಹೊಸದಾಗಿ ಬಳಿದ ಗೋಡೆಗಳಿಗೆ ಕೇಡು. ಗೋಡೆ ಉಳಿಯಬೇಕಾದರೆ ಮಕ್ಕಳನ್ನು ಒಂದೆಡೆ ಕೂಡಿಹಾಕಬೇಕೆಂದು ಯೋಚಿಸಿದ ಮಾಲೀಕರು ಈಕೆಯನ್ನು ಕರೆದರು. ೧೯೦೭ರ ಜನವರಿ ೬ರಂದು ಐವತ್ತು ಅರವತ್ತು ಮಕ್ಕಳೊಡನೆ ‘ಮಕ್ಕಳ ಮನೆ’ ತೆರೆಯಿತು. ಲೋಕಪ್ರಸಿದ್ಧವಾದ ಶಿಕ್ಷಣ ಪದ್ಧತಿಯೊಂದು ಸುಣ್ಣದ ಗೋಡೆಯ ಮೇಲಿನ ಕಾಳಜಿಯಿಂದ ಹುಟ್ಟಿತು ಎಂಬುದು ವಿಚಿತ್ರವಾದರೂ ನಿಜ. ಆ ಮಕ್ಕಳು ಯಾರು? ಇಂದು ಮಾಚೇನಹಳ್ಳಿಯಲ್ಲಿ ಬಸ್ಸಿನಿಂದ ಇಳಿಯುವ ತಾಯಂದಿರ ಮಕ್ಕಳಂಥವರೇ.

ಅಲ್ಲಿ ನಡೆದ ಒಂದು ಪ್ರಸಂಗವನ್ನು ಆಕೆ ತಾವೇ ಬರೆದಿಟ್ಟಿದ್ದಾರೆ. ಆಟದ ಸಾಮಗ್ರಿಗಳನ್ನೆಲ್ಲ ಒಂದು ಬೀರುವಿನಲ್ಲಿಟ್ಟು ಬೀಗ ಹಾಕುವುದು ಆಗಿನ ರೂಢಿ. ಉಪಾಧ್ಯಾಯಿನಿ ಬಂದು ಬೀಗ ತೆಗೆದು, ತನಗೆ ಸರಿಕಂಡದ್ದನ್ನು ಹಂಚುತ್ತಿದ್ದಳು. ಒಂದು ದಿನ ಆಕೆ ಬೀಗ ಹಾಕುವುದನ್ನು ಮರೆತಿದ್ದಳು. ಮರುದಿನ ಬಂದದ್ದೂ ತಡ. ಬಂದು ನೋಡಿದರೆ ಮಕ್ಕಳೇ ಬೀರು ತೆರೆದು ತಮಗೆ ಬೇಕಾದದ್ದನ್ನು ಆರಿಸಿಕೊಂಡು ಕೆಲಸಕ್ಕೆ ಕುಳಿತಿವೆ. ಉಪಾಧ್ಯಾಯಿನಿ ಇದನ್ನು ಕಳ್ಳತನವೆಂದಳು. ಮಾಂಟೆಸೊರಿ ಇದನ್ನು ಆಯ್ಕೆ ಎಂದರು. ಬೀಗದ ಬೀರು ಹೋಗಿ, ಮಕ್ಕಳ ಕೈಗೆ ಎಟುಕುವಂಥ ತಗ್ಗಿನ, ಬಾಗಿಲಿಲ್ಲದ ಹಲಗೆಗಳು ಬಂದವು. ಆ ಪದ್ಧತಿಯ ಮರ್ಮವನ್ನು ಒಂದೇ ಮಾತಿನಲ್ಲಿ ಹೇಳೆಂದರೆ ನಾನು ಈ ಕಥೆಯನ್ನೇ ಹೇಳುತ್ತೇನೆ.

ಈಗ ನನ್ನ ಕಥೆ. ನನ್ನ ಮಗಳಿಗೆ ಮೂರು ತುಂಬಿದಾಗ, ಎಂದರೆ ಹನ್ನೆರಡು ವರ್ಷಗಳ ಕೆಳಗೆ, ನಾವೂ ಅವಳನ್ನು ಒಂದು ಮಾಂಟೆಸರಿಗೆ ಸೇರಿಸಿದೆವು. ಯಾವ ಊರು, ಯಾವ ಶಾಲೆ ಎಂಬುದು ಇಲ್ಲಿ ಮುಖ್ಯವಲ್ಲ. ಸೇರಿಸುವ ದಿನ ನಮ್ಮನ್ನು ಕಚೇರಿಯಲ್ಲಿ ಕೂರಿಸಿದರು. ಗೋಡೆಗೆ ಆನಿಸಿ ಒಂದು ಗಾಜಿನ ಬೀರು. ಅದರೊಳಗೆ ಒಂದರ ಮೇಲೊಂದು ಪೇರಿಸಿದ ಗುಲಾಬಿ ಬಣ್ಣದ ಹತ್ತು ಘನಗಳ ಗೋಪುರ, ಚಿನ್ನದ ಬಣ್ಣದ ಮಣಿಸರಗಳು, ಹಿಡಿಯಿರುವ ಮರದ ಗುಬುಟುಗಳು. ನಾನು ಒಂದಿಷ್ಟು ಓದಿಕೊಂಡಿದ್ದೆನಾದ್ದರಿಂದ ಸಂತೋಷದಿಂದ ಹೆಂಡತಿಯ ಕಡೆ ತಿರುಗಿ, “ನೋಡು, ಎಲ್ಲ ಇದೆ” ಎಂದೆ. ಎಲ್ಲ ಇತ್ತು, ನಿಜ. ಆರು ತಿಂಗಳ ಮೇಲೆ ಫೀಸು ಕಟ್ಟಲು ಹೋದಾಗಲೂ ಇತ್ತು. ಗೋಪುರದ ತುದಿಯ ಪುಟ್ಟ ಘನದ ಮೇಲೆ ನವಿರಾಗಿ ಧೂಳು ಕೂತಿತ್ತು. ಮಗಳ ಚೀಲದಲ್ಲಿ ಮಾತ್ರ ನಾಲ್ಕು ಗೆರೆಯ ಪುಸ್ತಕ. ದಿನಕ್ಕೆರಡು ಪುಟ ಇಂಗ್ಲಿಷಿನ ದೊಡ್ಡ ಅಕ್ಷರ. ಗೆರೆ ದಾಟಿದರೆ ಬೆರಳ ಗೆಣ್ಣಿಗೆ ಅಡಿಕೋಲು. ಒಂದು ಸಂಜೆ ಅವಳು ಗೊಂಬೆಯನ್ನು ಮುಂದೆ ಕೂರಿಸಿಕೊಂಡು ಅದರ ಕೈಗೆ ಬಾಚಣಿಗೆಯಿಂದ ಹೊಡೆಯುತ್ತಿದ್ದುದನ್ನು ನೋಡಿದಾಗ ನಮಗೆ ವಿಷಯ ತಿಳಿಯಿತು.

ಹೋಗಿ ಕೇಳಿದೆ. ಆ ಉಪಾಧ್ಯಾಯಿನಿ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ಬಿ.ಕಾಂ. ಮುಗಿಸಿ ಮದುವೆಯನ್ನು ಎದುರು ನೋಡುತ್ತಿದ್ದವಳು. “ಆ ಬೀರು ಯಾವಾಗ ತೆಗೆಯುತ್ತೀರಮ್ಮ?” ಎಂದೆ. “ಅದರ ಕೀಲಿ ನಮ್ಮ ಹತ್ತಿರ ಇಲ್ಲ ಸಾರ್, ಆಫೀಸಿನಲ್ಲಿರುತ್ತೆ. ಆ್ಯನ್ಯುಯಲ್ ಡೇ ದಿನ ಹೊರಗಿಡುತ್ತಾರೆ” ಎಂದಳು. ಆಕೆಯ ಮೇಲೆ ನನಗೆ ಕೋಪ ಬರಲಿಲ್ಲ. ಅವಳಿಗೆ ಯಾರೂ ಏನನ್ನೂ ಕಲಿಸಿರಲಿಲ್ಲ. ಅವಳ ಸಂಬಳ ನನ್ನ ಮಗಳ ವ್ಯಾನಿನ ಬಾಡಿಗೆಯ ಹತ್ತಿರ ಹತ್ತಿರ ಇತ್ತು. ಮಗಳನ್ನು ಬಿಡಿಸಿದೆವು. ಆದರೆ ಬಿಡಿಸುವ ಮೊದಲು ಆರು ತಿಂಗಳು ಆ ಹೆಸರನ್ನು ನಂಬಿ ಸುಮ್ಮನಿದ್ದವನು ನಾನೇ. ಎಂ.ಎ. ಓದಿದವನು! ಅದನ್ನು ನೆನೆದಾಗ ಈಗಲೂ ಬೆವರುತ್ತೇನೆ.

“ಹೆಸರಿನಲ್ಲೇನಿದೆ ಮಹಾಶಯರೆ? ದಾವಣಗೆರೆಯನ್ನು ಕಂಡೇ ಇಲ್ಲದವನು ದಾವಣಗೆರೆ ಬೆಣ್ಣೆ ದೋಸೆ ಮಾರುವುದಿಲ್ಲವೇ? ವನಸ್ಪತಿಗೆಲ್ಲ ಡಾಲ್ಡಾ ಎಂದು ನಮ್ಮ ಅಜ್ಜಿಯರು ಕರೆಯಲಿಲ್ಲವೇ?” ಎಂದು ಕೇಳುವವರಿದ್ದಾರೆ. ಇದು ತಳ್ಳಿಹಾಕುವ ಮಾತಲ್ಲ. ಅಮೆರಿಕದಲ್ಲಿ ಇದೇ ವ್ಯಾಜ್ಯ ಟ್ರೇಡ್‌ಮಾರ್ಕಿನ ಮಂಡಲಿಯವರೆಗೆ ಹೋಗಿತ್ತು. ಮಾಂಟೆಸೊರಿಯವರೇ ೧೯೨೯ರಲ್ಲಿ ಸ್ಥಾಪಿಸಿದ್ದ ಅಂತರರಾಷ್ಟ್ರೀಯ ಸಂಘಕ್ಕೂ ೧೯೬೦ರಲ್ಲಿ ಹುಟ್ಟಿದ ಅಮೆರಿಕದ ಸೊಸೈಟಿಗೂ ಹೆಸರು ಯಾರದೆಂದು ಜಗಳ. ೧೯೬೭ರಲ್ಲಿ ಬಂದ ತೀರ್ಮಾನವೇನೆಂದರೆ, ಈ ಪದ ಒಂದು ಪದ್ಧತಿಯ ಸಾಮಾನ್ಯ ಹೆಸರಾಗಿಬಿಟ್ಟಿದೆ, ಇದು ಒಬ್ಬರ ಸ್ವತ್ತಲ್ಲ ಎಂದು. ಆದಕಾರಣ ಕಾನೂನಿನ ಮಾತೆತ್ತಿ ಹಲಗೆಯವರನ್ನು ಹೆದರಿಸುವ ಉದ್ದೇಶ ನನಗಿಲ್ಲ. ಒಂದು ವಿಧದಲ್ಲಿ ಆ ತೀರ್ಮಾನ ಒಳ್ಳೆಯದೇ. ಮಕ್ಕಳ ಪಾಠಕ್ಕೆ ಪೇಟೆಂಟು ಇರಬಾರದು.

ಆದರೆ ಒಬ್ಬರ ಸ್ವತ್ತಲ್ಲ ಎಂದರೆ ಅರ್ಥವೇ ಇಲ್ಲ ಎಂದಾಗುವುದಿಲ್ಲ. ಪದ್ಧತಿಯ ಹೆಸರು ಎಂದು ಒಪ್ಪಿದ ಮೇಲೆ ಪದ್ಧತಿ ಇರಬೇಕಷ್ಟೆ? ‘ನಾಟಿ ವೈದ್ಯ’ ಎಂಬುದು ಯಾರ ಸ್ವತ್ತೂ ಅಲ್ಲ. ಆದರೂ ಹಾಗೆಂದು ಹಲಗೆ ಹಾಕಿ ಒಳಗೆ ಮಾತ್ರೆ ಮಾರಿದರೆ ನಾವು ಅದಕ್ಕೆ ಬೇರೆ ಹೆಸರಿಡುತ್ತೇವೆ. ದೋಸೆಯ ವಿಷಯದಲ್ಲಿ ನಮ್ಮ ನಾಲಗೆಯೇ ನ್ಯಾಯಾಧೀಶ. ಕೆಟ್ಟದಾಗಿದ್ದರೆ ನಾಳೆ ಪಕ್ಕದ ಹೋಟೆಲಿಗೆ ಹೋಗುತ್ತೇವೆ. ಮೂರು ವರ್ಷದ ಮಗುವಿಗೆ ತಾನು ಉಂಡದ್ದರ ರುಚಿಯನ್ನು ಹೇಳಲು ಬರುವುದಿಲ್ಲ. ಬೆಳಗ್ಗೆ ಹೊಟ್ಟೆನೋವು ಎನ್ನುತ್ತದೆ. ನಾವು ಓಮದ ನೀರು ಕುಡಿಸಿ ವ್ಯಾನು ಹತ್ತಿಸುತ್ತೇವೆ. ಬೇರೊಂದು ಮೂರನೆಯ ವರ್ಷ ಅದಕ್ಕೆ ಬರುವುದಿಲ್ಲ.

ಹಲಗೆಯ ಎರಡನೆಯ ಸಾಲನ್ನು ನೋಡಿ. ಎಲ್.ಕೆ.ಜಿ., ಯು.ಕೆ.ಜಿ. ಎಂಬಲ್ಲಿರುವ ‘ಕೆ.ಜಿ.’ ಕಿಂಡರ್‌ಗಾರ್ಟನ್, ಅದು ಜರ್ಮನಿಯ ಫ್ರೋಬೆಲ್ ಎಂಬಾತ ೧೮೪೦ರಲ್ಲಿ ತನ್ನ ಶಿಶುಶಾಲೆಗೆ ಇಟ್ಟ ಹೆಸರು. ಆಗಿನ್ನೂ ಮಾಂಟೆಸೊರಿ ಹುಟ್ಟಲು ಮೂವತ್ತು ವರ್ಷವಿತ್ತು. ಫ್ರೋಬೆಲ್ ದೊಡ್ಡವನೇ, ಸಂದೇಹವಿಲ್ಲ. ಆದರೆ ಅವನ ದಾರಿ ಬೇರೆ, ಈಕೆಯ ದಾರಿ ಬೇರೆ. ಮಾಂಟೆಸೊರಿಯವರ ಮನೆಯಲ್ಲಿ ಮೂರರಿಂದ ಆರರವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಒಟ್ಟುಕುಟುಂಬದಂತೆ. ಐದರ ಹುಡುಗಿ ಮೂರರ ಹುಡುಗನಿಗೆ ಗುಂಡಿ ಹಾಕುವುದನ್ನು ಕಲಿಸುತ್ತಾಳೆ. ಕಲಿಸುತ್ತ ತಾನೂ ಕಲಿಯುತ್ತಾಳೆ. ಕೆಳಗಿನದು, ಮೇಲಿನದು ಎಂದು ವರ್ಷಕ್ಕೊಂದು ಗೋಡೆ ಎಬ್ಬಿಸಿದೊಡನೆ ಆ ಪದ್ಧತಿಯ ಬೆನ್ನೆಲುಬು ಮುರಿಯಿತು. ಆದ್ದರಿಂದ ‘ಮಾಂಟೆಸರಿ ಎಲ್.ಕೆ.ಜಿ.’ ಎನ್ನುವುದು ‘ಶುದ್ಧ ಸಸ್ಯಾಹಾರಿ ಕೋಳಿ ಸಾರು’ ಎಂದಂತೆ. ಬಸ್ಸಿನ ಆ ತಾಯಿ ಕೇಳಿದ ಪ್ರಶ್ನೆಗೆ ಉತ್ತರವಿಲ್ಲದ್ದು ನನ್ನ ಅಜ್ಞಾನದಿಂದಲ್ಲ. ಮಾಂಟೆಸೊರಿಯಲ್ಲಿ ಕೆಳಗೂ ಇಲ್ಲ, ಮೇಲೂ ಇಲ್ಲ.

ಮೂರನೆಯ ಸಾಲು ‘ಇಂಗ್ಲಿಷ್ ಮೀಡಿಯಂ’. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಇದು ನನ್ನ ಹೊಲ. ಮಾಂಟೆಸೊರಿಯವರು ಮರಳು ಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ಹಲಗೆಗೆ ಅಂಟಿಸಿದರು. ಮಗು ಎರಡು ಬೆರಳಿನಿಂದ ಅದನ್ನು ಸವರುತ್ತ ಅದರ ಧ್ವನಿಯನ್ನು ಉಚ್ಚರಿಸುತ್ತದೆ. ಅಕ್ಷರದ ಹೆಸರನ್ನಲ್ಲ, ಧ್ವನಿಯನ್ನು. ಕಣ್ಣು, ಕಿವಿ, ಬೆರಳು ಮೂರೂ ಕೂಡಿ ಒಂದೇ ಪಾಠ. ಆಮೇಲೆ ಬಿಡಿ ಅಕ್ಷರಗಳನ್ನು ಜೋಡಿಸಿ ತನಗೆ ತಿಳಿದ ಮಾತನ್ನು ತಾನೇ ಕಟ್ಟುತ್ತದೆ. ಆದ್ದರಿಂದ ಆ ಮಕ್ಕಳು ಓದುವುದಕ್ಕಿಂತ ಮೊದಲು ಬರೆದವು. ಲೋಕವೆಲ್ಲ ಬೆರಗಾಗಿ ರೋಮಿಗೆ ಹೋಗಿ ನೋಡಿದ್ದು ಇದನ್ನೇ. ಇದು ಅಷ್ಟು ಸಲೀಸಾಗಿ ನಡೆದದ್ದೇಕೆ? ಮಕ್ಕಳ ಮನೆಮಾತು ಇಟಾಲಿಯನ್. ಅದರಲ್ಲಿ ಬರೆದದ್ದನ್ನು ಬಹುಮಟ್ಟಿಗೆ ಬರೆದಂತೆಯೇ ಉಚ್ಚರಿಸುತ್ತಾರೆ. ಹಾಗೆ ನೋಡಿದರೆ ಆ ಪದ್ಧತಿಗೆ ಇಂಗ್ಲಿಷಿಗಿಂತ ಕನ್ನಡವೇ ಹತ್ತಿರದ ನಂಟು. ‘ಗ’ ಎಂಬುದು ಎಲ್ಲಿದ್ದರೂ ‘ಗ’ವೇ. ಇಂಗ್ಲಿಷಿನ ‘ಸಿ’ ಒಮ್ಮೆ ‘ಕ’, ಒಮ್ಮೆ ‘ಸ’. ಅದರ ಚೇಷ್ಟೆಗಳನ್ನು ಸಂಭಾಳಿಸಲು ಇಂಗ್ಲಿಷಿನ ಮಾಂಟೆಸೊರಿ ಶಾಲೆಗಳು ಜೋಡಿ ಅಕ್ಷರಗಳ ಪ್ರತ್ಯೇಕ ಹಲಗೆಗಳನ್ನೇ ಮಾಡಿಕೊಳ್ಳಬೇಕಾಯಿತು. ನಮ್ಮಲ್ಲಿ ಒತ್ತಕ್ಷರದ ತೊಡಕು ಉಂಟು, ಒಪ್ಪುತ್ತೇನೆ. ಆದರೆ ಅರ, ಸರ, ಮರ, ಗರಗಸ ಎಂದು ಬರಿಯ ಅಕಾರದ ಮಾತುಗಳಿಂದಲೇ ಎಷ್ಟು ದೂರ ಹೋಗಬಹುದೆಂಬುದನ್ನು ಒಂದನೆಯ ತರಗತಿಯ ಯಾವ ಮೇಷ್ಟರಾದರೂ ಹೇಳಿಯಾರು. ಮನೆಯಲ್ಲಿ ಒಂದು ಮಾತು, ಹಲಗೆಯ ಮೇಲೆ ಇನ್ನೊಂದು ಮಾತು ಆದಾಗ ಮಗು ತನಗೆ ತಿಳಿದ ಮಾತನ್ನು ಕಟ್ಟುವುದು ಹೇಗೆ? ಅದು ಕಟ್ಟುವುದಿಲ್ಲ, ಗಿಳಿಯಂತೆ ಒಪ್ಪಿಸುತ್ತದೆ.

ಇದು ನಮಗೆ ತೀರ ಹೊಸದೂ ಅಲ್ಲ. ತಟ್ಟೆಯ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ತಿದ್ದಿಸುವ ಅಕ್ಷರಾಭ್ಯಾಸ ಇಂದಿಗೂ ನಮ್ಮ ಮನೆಗಳಲ್ಲಿ ಉಂಟು. ಕೂಲಿಮಠಗಳಲ್ಲಿ ನಮ್ಮ ಮುತ್ತಜ್ಜಂದಿರು ಮರಳಿನ ಮೇಲೆಯೇ ತಿದ್ದಿದ್ದು. ಮರಳು ಅಲ್ಲಿಯೂ ಇತ್ತು, ಬೆರಳು ಅಲ್ಲಿಯೂ ಇತ್ತು. ಐಗಳ ಬೆತ್ತವೂ ಕೋದಂಡವೂ ಜೊತೆಗಿದ್ದವು. ಮಾಂಟೆಸೊರಿ ಮರಳನ್ನು ಉಳಿಸಿಕೊಂಡು ಬೆತ್ತವನ್ನು ಆಚೆಗಿಟ್ಟರು. ನಮ್ಮ ಮಾಂಟೆಸರಿಗಳು ಬೆತ್ತವನ್ನು ಉಳಿಸಿಕೊಂಡು ಮರಳನ್ನು ಬೀರುವಿನಲ್ಲಿಟ್ಟವು.

ಸಾಮಗ್ರಿ ದುಬಾರಿ ಎಂಬುದು ಇನ್ನೊಂದು ನೆಪ. ಗುಲಾಬಿ ಗೋಪುರದ ಲೆಕ್ಕವನ್ನೇ ಮಾಡೋಣ. ಅತಿ ಸಣ್ಣ ಘನದ ಪಕ್ಕೆ ಒಂದು ಸೆಂಟಿಮೀಟರು, ಅತಿ ದೊಡ್ಡದರದು ಹತ್ತು. ನಡುವಿನವು ಒಂದೊಂದೇ ಸೆಂಟಿಮೀಟರು ಏರುತ್ತವೆ. ಹತ್ತಕ್ಕೂ ಸೇರಿ ಬೇಕಾಗುವ ಮರ ೩,೦೨೫ ಘನ ಸೆಂಟಿಮೀಟರು. ಮಾಚೇನಹಳ್ಳಿಯ ಡೈರಿಯ ಭಾಷೆಯಲ್ಲಿ ಹೇಳುವುದಾದರೆ ಅರ್ಧ ಲೀಟರಿನ ಆರು ಪ್ಯಾಕೆಟ್ಟು! ಇಷ್ಟು ಮರಕ್ಕೆ ಮಲೆನಾಡಿನ ಹೆಬ್ಬಾಗಿಲಿನಲ್ಲಿ ಬರವೇ? ಸಾಗರ, ಸೊರಬಗಳ ಗುಡಿಗಾರರು ದಂತದಂತೆ ಮರ ಕೆತ್ತುವ ಜಿಲ್ಲೆ ಇದು. ಭದ್ರಾವತಿಯ ಹಳೆಯ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ, ಕೂದಲೆಳೆಯಷ್ಟು ಅಳತೆ ತಪ್ಪದ ಕೈಗಳು ಇನ್ನೂ ಜಗಲಿಯ ಮೇಲೆ ಕುಳಿತಿವೆ. ಅಳತೆ ಮಾತ್ರ ತಪ್ಪಬಾರದು. ಏಕೆಂದರೆ ಮಗು ತಪ್ಪಾಗಿ ಪೇರಿಸಿದಾಗ ‘ತಪ್ಪು’ ಎಂದು ಹೇಳಬೇಕಾದದ್ದು ಟೀಚರಲ್ಲ, ಗೋಪುರವೇ. ಇರುವ ಕೊರತೆ ಮರದ್ದಲ್ಲ. ಸುಮ್ಮನಿದ್ದು ನೋಡುವುದನ್ನು ಕಲಿತ ಉಪಾಧ್ಯಾಯರದ್ದು. ಅಂಥವರನ್ನು ತಯಾರಿಸಲು ತಿಂಗಳುಗಟ್ಟಲೆ ತರಬೇತಿ ಬೇಕು. ಹಲಗೆಗೆ ಒಂದು ಮಧ್ಯಾಹ್ನ ಸಾಕು.

ತರಬೇತಿ ನಮ್ಮ ನೆಲದಲ್ಲಿ ನಡೆದಿಲ್ಲವೆಂದಲ್ಲ. ಮಾಂಟೆಸೊರಿ ೧೯೩೯ರ ಕೊನೆಯಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಕರೆಗೆ ಓಗೊಟ್ಟು ಮದರಾಸಿನ ಅಡ್ಯಾರಿಗೆ ಬಂದರು. ೧೯೪೦ರ ಜೂನಿನಲ್ಲಿ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರ ಅವರನ್ನು ಶತ್ರುದೇಶದವರೆಂದು ಓಡಾಡದಂತೆ ನಿರ್ಬಂಧಿಸಿತು. ಮಗ ಮಾರಿಯೊವನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟಿತು. ಆ ವರ್ಷದ ಆಗಸ್ಟ್ ೩೧ರಂದು, ಅವರ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ, ಮಗನನ್ನು ಬಿಟ್ಟುಕೊಟ್ಟರು. ಕೆಲವು ತಿಂಗಳ ಮಟ್ಟಿಗೆಂದು ಬಂದವರು ಯುದ್ಧ ಮುಗಿಯುವವರೆಗೆ ಅಡ್ಯಾರು, ಕೊಡೈಕೆನಾಲುಗಳಲ್ಲಿ ಉಳಿದು, ಸಾವಿರಕ್ಕೂ ಹೆಚ್ಚು ಉಪಾಧ್ಯಾಯರಿಗೆ ಪಾಠ ಹೇಳಿದರು. ೧೯೪೯ರಲ್ಲಿ ಅವರ ಒಂದು ಮುಖ್ಯ ಗ್ರಂಥ ಅಚ್ಚಾದದ್ದೂ ಅಡ್ಯಾರಿನಲ್ಲಿಯೇ. ನಮ್ಮ ದೇಶಕ್ಕೆ ಆಕೆ ಬರಿಯ ಹಲಗೆಯ ಹೆಸರಾಗಿ ಬಂದವರಲ್ಲ. ಇಲ್ಲಿಯ ಸೀರೆಯುಟ್ಟು, ಇಲ್ಲಿಯ ಬಿಸಿಲುಂಡವರು.

ಅವರಿಗೂ ಮೊದಲೇ ಅವರ ವಿಚಾರ ಬಂದಿತ್ತು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ೧೯೨೦ರಲ್ಲಿಯೇ ಬಾಲಮಂದಿರ ತೆರೆದಿದ್ದರು. ಅವರೊಡನೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ೧೯೪೫ರಲ್ಲಿ ಬೋರ್ಡಿ ಎಂಬ ಹಳ್ಳಿಗೂ ಆಮೇಲೆ ಕೋಸಬಾಡ ಗುಡ್ಡದ ವಾರ್ಲಿ ಆದಿವಾಸಿಗಳ ನಡುವಿಗೂ ಹೋದರು. ಮಕ್ಕಳು ಶಾಲೆಗೆ ಬರಲಿಲ್ಲ. ಅಡವಿಯಲ್ಲಿ ದನ ಕಾಯುವ, ತಮ್ಮ ತಂಗಿಯರನ್ನು ಸೊಂಟದಲ್ಲಿ ಹೊತ್ತು ತಿರುಗುವ ಮಕ್ಕಳು ಏಕೆ ಬಂದಾವು? ಆಗ ಆ ತಾಯಿ ಶಾಲೆಯನ್ನೇ ಮಕ್ಕಳ ಅಂಗಳಕ್ಕೆ ಒಯ್ದರು. ಬೆಲೆಬಾಳುವ ಮಣಿಗಳ ಬದಲು ಬೀಜ, ಕಾಯಿ, ಕಲ್ಲು, ಚಿಪ್ಪು. ಮೇಜಿನ ಬದಲು ಸಗಣಿ ಸಾರಿಸಿದ ನೆಲ. ಅಂಗಳದಲ್ಲಿ ನಡೆದ ಆ ಶಾಲೆಗೆ ಅವರಿಟ್ಟ ಹೆಸರು ಅಂಗನವಾಡಿ. ಕನ್ನಡಿಗರು ನಿತ್ಯವೂ ಆಡುವ ಈ ಪದದ ಬೆನ್ನಿಗೆ ಇಷ್ಟು ಕಥೆ ಇದೆಯೆಂಬುದು ನನ್ನ ವಿದ್ಯಾರ್ಥಿಗಳಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಮೊನ್ನೆ ಮೊನ್ನೆಯವರೆಗೆ ನನಗೂ ಗೊತ್ತಿರಲಿಲ್ಲ. ೧೯೩೧ರಲ್ಲಿ ಲಂಡನ್ನಿನಲ್ಲಿ ಗಾಂಧೀಜಿ ಮಾಂಟೆಸೊರಿಯವರನ್ನು ಕಂಡಾಗ, ಈ ಶಿಕ್ಷಣ ಅನುಕೂಲಸ್ಥರ ಮಕ್ಕಳಿಗಷ್ಟೇ ಅಲ್ಲದೆ ದರಿದ್ರರ ಮಕ್ಕಳಿಗೂ ದೊರಕಲಿ ಎಂದು ಆಶಿಸಿದ್ದರು. ಆ ಆಸೆ ನಮ್ಮಲ್ಲಿ ಎಲ್ಲಿಯಾದರೂ ಕಾಲೂರಿದ್ದರೆ ಅದು ತಾರಾಬಾಯಿಯವರ ಅಂಗಳದಲ್ಲಿ. ೧೯೭೫ರ ಅಕ್ಟೋಬರ್ ೨ರಂದು ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕೇಂದ್ರ ಸರ್ಕಾರ ಎತ್ತಿಕೊಂಡದ್ದು ಅದೇ ಹೆಸರನ್ನು. ನಮ್ಮ ರಾಜ್ಯದಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ ನೂರು ಅಂಗನವಾಡಿಗಳು ತೆರೆದವು.

ಈಗ ನಾನು ಈ ಲೇಖನ ಬರೆಯಲು ಕಾರಣವಾದ ವಿಷಯಕ್ಕೆ ಬರುತ್ತೇನೆ. ೨೦೨೪ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್.ಕೆ.ಜಿ., ಯು.ಕೆ.ಜಿ. ತೆರೆಯುವ ಮಾತು ಬಂದಾಗ, ಹಾಗಾದರೆ ತಮ್ಮಲ್ಲಿಗೆ ಬರುವ ಮಕ್ಕಳು ಯಾರು ಎಂದು ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಕುಳಿತರು. ನ್ಯಾಯವಾದ ಭಯ. ಆ ಜುಲೈ ತಿಂಗಳಲ್ಲಿ ಸರ್ಕಾರ ಒಂದು ಪರಿಹಾರವನ್ನು ಸಾರಿತು. ಅಂಗನವಾಡಿಯಲ್ಲಿಯೇ ಎಲ್.ಕೆ.ಜಿ., ಯು.ಕೆ.ಜಿ.! ಬೆಂಗಳೂರಿನ ೨೫೦ ಅಂಗನವಾಡಿಗಳಿಗೆ ಹೊಸ ನಾಮಕರಣವಾಯಿತು: ‘ಸರ್ಕಾರಿ ಮಾಂಟೆಸರಿ’.

ಬಾಡಿಗೆ ಮನೆಯ ಮೇಲಂತಸ್ತಿನವನು ಹಲಗೆ ಹಾಕಿದರೆ ಅದು ಹೊಟ್ಟೆಪಾಡು. ಸರ್ಕಾರ ಹಾಕಿದರೆ? ಮಾಂಟೆಸೊರಿಯ ಶಿಷ್ಯಪರಂಪರೆಯ ಹೆಣ್ಣುಮಗಳೊಬ್ಬಳು, ಆ ವಿದೇಶೀ ಹೆಸರನ್ನು ಬದಿಗಿಟ್ಟು, ಬಡವರ ಅಂಗಳಕ್ಕೆ ಹೊಂದುವಂತೆ ಒಂದು ದೇಶೀ ಹೆಸರನ್ನೂ ದೇಶೀ ರೂಪವನ್ನೂ ಕೊಟ್ಟಳು. ಐವತ್ತು ವರ್ಷ ನಾವು ಆ ರೂಪವನ್ನು ಸೊರಗಿಸಿದೆವು. ಪೂರಕ ಆಹಾರ, ಚುಚ್ಚುಮದ್ದು, ತೂಕ, ಬಾಣಂತಿಯರ ಲೆಕ್ಕ, ಮನೆಮನೆಯ ಸಮೀಕ್ಷೆ, ಎಲ್ಲವನ್ನೂ ಒಬ್ಬ ಕಾರ್ಯಕರ್ತೆಯ ತಲೆಗೆ ಕಟ್ಟಿದೆವು. ಅವಳಿಗೆ ಸಂಬಳ ಎನ್ನಲಿಲ್ಲ, ‘ಗೌರವಧನ’ ಎಂದೆವು. ಕಲಿಸುವುದಕ್ಕೆ ಹೊತ್ತೆಲ್ಲಿ ಉಳಿಯಬೇಕು? ‘ಅಂಗನವಾಡಿ’ ಎಂದರೆ ಗಂಜಿ ಹಾಕುವ ಕಡೆ ಎಂಬ ಭಾವನೆ ಬಂದಿತು. ಈಗ ಆ ಭಾವನೆಯನ್ನು ತೊಳೆಯಲು, ತಾರಾಬಾಯಿಯ ಪದವನ್ನು ಅಳಿಸಿ ಆಕೆಯ ಗುರುವಿನ ಹೆಸರನ್ನೇ ತಪ್ಪಾಗಿ ತಂದು ಅಂಟಿಸುತ್ತಿದ್ದೇವೆ. ಅದರ ಪಕ್ಕದಲ್ಲಿ ಫ್ರೋಬೆಲನ ಕೆ.ಜಿ.ಯನ್ನೂ! ಮಗನಿಗೆ ಅಪ್ಪನ ಹೆಸರಿಡುವುದುಂಟು. ಅದಕ್ಕಾಗಿ ಮಗನ ಹೆಸರನ್ನು ರೇಷನ್ ಕಾರ್ಡಿನಿಂದ ಹೊಡೆದುಹಾಕಿದವರನ್ನು ನಾನು ಕಂಡಿರಲಿಲ್ಲ.

ಬಡವರ ಮಕ್ಕಳಿಗೂ ಒಳ್ಳೆಯದು ಸಿಗಲಿ ಎಂಬ ಉದ್ದೇಶವನ್ನು ನಾನು ಹಳಿಯುತ್ತಿಲ್ಲ. ಅದನ್ನು ಹಳಿದವನ ನಾಲಗೆಗೆ ಹುಳ ಬೀಳಲಿ. ನಿಜವಾಗಿಯೂ ತಗ್ಗಿನ ತೆರೆದ ಹಲಗೆಗಳು, ಮೂರರಿಂದ ಆರರ ಒಂದೇ ಕೋಣೆ, ಮರಳು ಕಾಗದದ ಕನ್ನಡ ಅಕ್ಷರಗಳು, ಬೇರೆ ಯಾವ ಸಮೀಕ್ಷೆಗೂ ಕರೆಯದ ತರಬೇತಾದ ಕಾರ್ಯಕರ್ತೆ ಇಷ್ಟು ಬಂದರೆ ನಾನೇ ಹೋಗಿ ಹಾರ ಹಾಕುತ್ತೇನೆ. ಆಗ ಅದಕ್ಕೆ ಅಂಗನವಾಡಿ ಎಂಬ ಹೆಸರೇ ಸಾಕು. ಹೆಸರಿನ ಮರ್ಯಾದೆ ಒಳಗೆ ನಡೆಯುವ ಕೆಲಸದಿಂದ ಬರುತ್ತದೆ. ಆರ್. ಕಲ್ಯಾಣಮ್ಮನವರು ೧೯೩೮ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕಟ್ಟಿದ್ದನ್ನು ‘ಮಕ್ಕಳ ಕೂಟ’ ಎಂದರು. ಶಿವರಾಮ ಕಾರಂತರು ಪುತ್ತೂರಿನ ತಮ್ಮ ಪ್ರಯೋಗಭೂಮಿಯನ್ನು ‘ಬಾಲವನ’ ಎಂದರು. ಹೊರಗಿನ ವಿಚಾರಗಳನ್ನು ಅವರು ಅರಿಯದವರೇ? ಅರಿತವರು, ಅದಕ್ಕೇ ಹೊರಗಿನ ಹಲಗೆ ಅವರಿಗೆ ಬೇಕಾಗಲಿಲ್ಲ.

ನಿಜವಾದ ಮಾಂಟೆಸೊರಿ ಶಾಲೆಗಳು ನಮ್ಮ ರಾಜ್ಯದಲ್ಲಿ ಇಲ್ಲವೇ ಎಂದರೆ, ಇವೆ. ಬೆಂಗಳೂರಿನಲ್ಲಿ ದಶಕಗಳಿಂದ ಶ್ರದ್ಧೆಯಿಂದ ನಡೆಯುವ ಮನೆಗಳಿವೆ, ತರಬೇತಿ ಕೇಂದ್ರಗಳಿವೆ. ಆದರೆ ಅವುಗಳ ಬಾಗಿಲಿಗೆ ಗಾರ್ಮೆಂಟ್ಸಿನ ತಾಯಿ ಹೋಗಲಾರಳು. ಸಾನ್ ಲೊರೆಂಜೊದ ಮಕ್ಕಳೇ ಇಂದು ಬಂದು ನಿಂತರೆ ಅವರಿಗೂ ಬಹುಶಃ ಸೀಟು ಸಿಕ್ಕಲಾರದು. ಅಸಲು ಶ್ರೀಮಂತರ ಮನೆಯಲ್ಲಿ, ಹೆಸರು ಬಡವರ ಬೀದಿಯಲ್ಲಿ. ನನ್ನ ಹೊಟ್ಟೆಯುರಿ ಇರುವುದು ಇಲ್ಲಿ. ಕಾನೂನಿನ ಕೈಯೂ ಇಲ್ಲಿ ಗಿಡ್ಡ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ಆರು ವರ್ಷದಿಂದ ಹದಿನಾಲ್ಕರವರೆಗಿನ ಮಕ್ಕಳದ್ದು. ಆರರ ಕೆಳಗಿನವರ ಬಗ್ಗೆ ಹನ್ನೊಂದನೆಯ ಪ್ರಕರಣದಲ್ಲಿ ಸರ್ಕಾರ ಏರ್ಪಾಟು ‘ಮಾಡಬಹುದು’ ಎಂದಿದೆಯೇ ಹೊರತು ‘ಮಾಡತಕ್ಕದ್ದು’ ಎಂದಿಲ್ಲ. ಕ್ರಿಯಾಪದದ ಒಂದು ಪ್ರತ್ಯಯದಲ್ಲಿ ಕೋಟ್ಯಂತರ ಮಕ್ಕಳು ಜಾರಿಹೋದರು. ವ್ಯಾಕರಣ ಯಾತಕ್ಕೆ ಎಂದು ಕೇಳುವ ನನ್ನ ಬಿ.ಎ. ವಿದ್ಯಾರ್ಥಿಗಳಿಗೆ ನಾನು ಈಗ ಇದನ್ನೇ ಉದಾಹರಣೆ ಕೊಡುತ್ತಿದ್ದೇನೆ.

ಹಲಗೆಗಳನ್ನು ಇಳಿಸಿ ಎಂದು ನಾನು ಹೇಳಿದರೆ ಯಾರೂ ಇಳಿಸುವುದಿಲ್ಲ. ಆದ್ದರಿಂದ ಹಲಗೆಯವರನ್ನು ಬಿಟ್ಟು ತಂದೆತಾಯಿಗಳನ್ನು ಬೇಡುತ್ತೇನೆ. ಫೀಸು ಎಷ್ಟೆಂದು ಕೇಳುವ ಮೊದಲು ಬೀರುವಿನ ಕೀಲಿ ಯಾರ ಹತ್ತಿರ ಇದೆಯೆಂದು ಕೇಳಿ. ಗೋಪುರದ ತುದಿಯ ಘನವನ್ನು ಬೆರಳಿನಿಂದ ಒರೆಸಿ ನೋಡಿ. ಮೂರರ ಮಗುವೂ ಐದರ ಮಗುವೂ ಒಟ್ಟಿಗಿವೆಯೇ ಎಂದು ಇಣುಕಿ. ಮೂಲೆಯಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಲು ಬಿಡುವಿರಾ ಎಂದು ವಿಚಾರಿಸಿ. ಬಿಡುವುದಿಲ್ಲ ಎಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ.

ಬಸ್ಸಿನ ಆ ತಾಯಿ ಜೂನ್ ತಿಂಗಳಲ್ಲಿ ಮತ್ತೆ ಸಿಕ್ಕಿದ್ದಳು. ಈ ಸಲ ನನಗೆ ಉತ್ತರ ಸಿದ್ಧವಾಗಿತ್ತು. ಬಿದರೆಯ ಹತ್ತಿರ ಶುರು ಮಾಡಿದರೆ ಮಾಚೇನಹಳ್ಳಿ ಬರುವುದರೊಳಗೆ ಮುಗಿಸಬಹುದೆಂದು ಲೆಕ್ಕ ಹಾಕಿ, ರೋಮಿನಿಂದಲೇ ಆರಂಭಿಸಿದೆ. ಅವಳು ತಾಳ್ಮೆಯಿಂದ ಕೇಳಿದಳು. ಅನಂತರ ಊಟದ ಡಬ್ಬಿಯ ಚೀಲದೊಳಗಿಂದ ಮಡಿಸಿದ ಒಂದು ರಸೀತಿಯನ್ನು ತೆಗೆದು ತೋರಿಸಿದಳು. “ಎರಡು ತಿಂಗಳ ಸಂಬಳ ಸಾರ್, ಮೊದಲ ಕಂತು ಕಟ್ಟಿ ಆಯ್ತು” ಎಂದಳು. ತರಗತಿ ಎಂಬ ಅಂಕಣದಲ್ಲಿ, ಅವಸರದ ಕೈಬರಹದಲ್ಲಿ, ‘ಮಾಂಟ್–೧’ ಎಂದಿತ್ತು. ಪೂರ್ತ ಹೆಸರನ್ನು ಬರೆಯುವಷ್ಟು ಪುರುಸೊತ್ತೂ ಅವರಿಗಿರಲಿಲ್ಲ.